ಫಿಲ್ಟರಣ್ಣನ ಬಲಗೈ

ನಮ್ಮ ಯಜಮಾನರನ್ನು ಬಂದರಿನಲ್ಲಿ ಯಾರೂ ಹೆಸರು ಹಿಡಿದು ಕರೆಯುವುದಿಲ್ಲ, ಫಿಲ್ಟರಣ್ಣ ಅಂತಲೇ ಕರೆಯುತ್ತಾರೆ. ಯಾರ ದೋಣಿಯ ಎಂಜಿನ್ ಕೆಮ್ಮಿದರೂ ಇವರು ಕೇಳುವ ಮೊದಲ ಪ್ರಶ್ನೆ, ‘ಫಿಲ್ಟರ್ ಬದಲಾಯಿಸಿದ್ರಾ?’ ಒಮ್ಮೆ ಪಕ್ಕದ ದೋಣಿಯ ಹೆಂಗಸು ಹೊಟ್ಟೆನೋವು ಅಂದಾಗಲೂ ಇವರ ಬಾಯಿಂದ ಅದೇ ಬಂದುಬಿಟ್ಟಿತ್ತು. ಅವಳ ಗಂಡ ಬಿದ್ದು ಬಿದ್ದು ನಕ್ಕ, ಅವಳು ಮಾತ್ರ ಬಹಳ ಕಾಲ ಇವರ ಮುಖ ನೋಡಲಿಲ್ಲ. ನನಗಂತೂ ಮದುವೆಯಾದಾಗಿನಿಂದ ಆ ಶಬ್ದ ಕೇಳಿ ಕೇಳಿ ಕಿವಿ ತೂತು ಬಿದ್ದಿದೆ.

ನಾವು ವಾಸ ಇರುವುದೇ ದೋಣಿಯಲ್ಲಿ. ಹಾಯಿದೋಣಿ, ಆದರೆ ಸಂಜೆ ಹೊತ್ತು ದಡದ ಸುತ್ತ ಗಿರಕಿ ಹೊಡೆಯುವ ಆಟದ ಸಾಮಾನಲ್ಲ; ದಡ ಬಿಟ್ಟರೆ ವಾರಗಟ್ಟಲೆ ನೀರಿನ ಮೇಲೇ ಇರುವಂಥದ್ದು. ಒಳಗೆ ಒಲೆಗೊಂದು ಮೂಲೆ, ಮಲಗಲು ಮೂರು ಹಲಗೆ, ಒಬ್ಬರು ನಿಂತರೆ ಇನ್ನೊಬ್ಬರು ಕೂರಲೇಬೇಕಾದಷ್ಟು ಜಾಗ. ಇಳಿಯುವ ಮೆಟ್ಟಿಲ ಹಿಂದಿನ ಪೆಟ್ಟಿಗೆಯಲ್ಲಿ ಎಂಜಿನ್. ಗಾಳಿ ಇದ್ದರೆ ಹಾಯಿ, ಗಾಳಿ ಬಿದ್ದರೆ ಎಂಜಿನ್. ಹಾಯಿ ನನ್ನ ಇಲಾಖೆ, ಯಾಕೆಂದರೆ ನಾನು ಹೊಲಿಗೆಯವಳು. ಎಂಜಿನ್, ಟ್ಯಾಂಕು, ಪಂಪು, ಪೈಪು ಎಲ್ಲ ಇವರದು. ಇವರ ಬಲಗೈ ಎಂಜಿನ್ನಿನ ಸಂದಿಯಲ್ಲಿ ತೂರಿಕೊಂಡರೆ ಕಣ್ಣಿನ ಹಂಗೇ ಬೇಡ, ಬೆರಳೇ ನೋಡಿ ಬರುತ್ತದೆ.

ನಮ್ಮ ಜೊತೆಗೆ ಅತ್ತೆ. ನಾಲ್ಕು ದಿನ ಇದ್ದು ಹೋಗ್ತೀನಿ ಅಂತ ಬಂದವರು ಹೋಗಲೇ ಇಲ್ಲ. ಸಮುದ್ರ ನನಗಿಂತ ಅವರಿಗೇ ಚೆನ್ನಾಗಿ ಒಗ್ಗಿತು. ನಾನು ಬಕೆಟ್ ಅಪ್ಪಿಕೊಂಡು ಕೂತಿರುವಾಗ ಅವರು ತೂಗಾಡುವ ಒಲೆಯ ಮುಂದೆ ನಿಂತು ಒಂದು ಹನಿ ಚೆಲ್ಲದೆ ಚಹಾ ಸೋಸುತ್ತಾರೆ. ನೆಲದ ಮೇಲೆ ಒಂದು ಕೂದಲು ಕಂಡರೂ ಸಹಿಸುವವರಲ್ಲ. ದೋಣಿ ಮುಳುಗುತ್ತಿದ್ದರೂ ಅಮ್ಮ ಒಂದು ಸಲ ನೆಲ ಒರೆಸಿಯೇ ಹೊರಗೆ ಬರೋದು ಅಂತ ಇವರು ರೇಗಿಸುತ್ತಿದ್ದರು. ನಾನೂ ಅತ್ತೆಯೂ ದಿನಕ್ಕೊಂದು ಸಲ ಜಗಳವಾಡುತ್ತಿದ್ದೆವು, ಅದು ಊಟದಷ್ಟೇ ನಿಯಮ. ನನಗೆ ಮನಸ್ಸಿನಲ್ಲಿ ಬಂದದ್ದನ್ನು ಬಾಯಲ್ಲಿ ತಡೆದು ಗೊತ್ತಿಲ್ಲ. ಅವರಿಗೂ ಅಷ್ಟೇ. ಅದಕ್ಕೇ ನಮ್ಮಿಬ್ಬರ ನಡುವೆ ಹಳಸಿದ್ದೇನೂ ಉಳಿಯುತ್ತಿರಲಿಲ್ಲ.

ದಡದಿಂದ ಬಹಳ ದೂರ ನೀರಿನ ಮೇಲಿದ್ದಾಗ ಆದ ಅನಾಹುತಕ್ಕೆಲ್ಲ ಕಾರಣ ಒಂದು ಕ್ಲಾಂಪು. ಪೈಪಿನ ಕುತ್ತಿಗೆಗೆ ಬಿಗಿಯುವ ತಗಡಿನ ಪಟ್ಟಿ, ಅದರ ತುದಿ ಬ್ಲೇಡಿಗಿಂತ ಕಡೆ. ಎಂಜಿನ್ನಿನ ಕೆಳಗೆ ಎಲ್ಲೋ ಸೋರುತ್ತಿದೆ ಅಂತ ಇವರು ಕೈ ಹಾಕಿ ತಡಕಾಡುವಾಗ ಅದು ಬಲ ಅಂಗೈಯನ್ನು ಉದ್ದಕ್ಕೆ ಸೀಳಿತು. ಆ ಕೈ ಹೋಗಿ ಬಿದ್ದದ್ದು ದೋಣಿಯ ತಳದಲ್ಲಿ ನಿಂತ ಕಪ್ಪು ನೀರಿಗೆ, ಡೀಸೆಲ್ಲು, ಜಿಡ್ಡು, ಕೊಳೆ ಎಲ್ಲ ಕಲೆತ ನೀರಿಗೆ.

“ಔಷಧಿ ಹಾಕ್ಕೊಳ್ರೀ,” ಅಂದೆ.

“ಇದೂ ಒಂದು ಗಾಯಾನಾ?” ಅಂತ ಗ್ರೀಸ್ ಒರೆಸುವ ಬಟ್ಟೆಯನ್ನೇ ಸುತ್ತಿಕೊಂಡರು. ಎಂಜಿನ್ನಿಗೆ ಒಂದು ಧೂಳಿನ ಕಣ ಹೋಗದಂತೆ ಕಾಯುವ ಮನುಷ್ಯ ತನ್ನ ಮೈಗೆ ಏನು ಹೋದರೂ ಕೇಳುವುದಿಲ್ಲ. ಬೈದೆ. ನಕ್ಕರು.

ಆಮೇಲೆ ಬಿರುಗಾಳಿ ಬಂತು. ಅದು ಮುಗಿಯುವವರೆಗೆ ಯಾರ ಕೈ ಯಾರು ನೋಡುತ್ತಾರೆ? ಇವರು ಚುಕ್ಕಾಣಿ ಬಿಡಲಿಲ್ಲ, ಅತ್ತೆ ಇವರ ಪಕ್ಕದಲ್ಲಿ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಕೂತು ಒಳಗೆ ತುಂಬಿದ ನೀರನ್ನು ಬಕೆಟ್ಟಿನಲ್ಲಿ ಎತ್ತಿ ಹಾಕಿದರು, ನಾನು ಹರಿದ ಹಾಯಿಯ ಜೊತೆ ಗುದ್ದಾಡಿದೆ. ಗಾಳಿ ನಿಂತ ಬೆಳಿಗ್ಗೆ ಇವರ ಕೈಗೆ ಸುತ್ತಿದ ಬಟ್ಟೆ ಬಿಚ್ಚಿದೆ. ಅಂಗೈ ಊದಿ ಬೆರಳುಗಳು ಮಡಚಲು ಬರುತ್ತಿರಲಿಲ್ಲ. ಗಾಯದ ಬಾಯಿ ಹಸಿರುಗಟ್ಟಿತ್ತು. ಮಣಿಕಟ್ಟಿನಿಂದ ಒಂದು ಕೆಂಪು ಗೆರೆ ಮೇಲಕ್ಕೆ ಹೊರಟಿತ್ತು, ಮೈ ಕೆಂಡವಾಗಿತ್ತು. 

ರೇಡಿಯೋದಲ್ಲಿ ಕರೆದೆ. ಬಂದರಿನವನು ಆಸ್ಪತ್ರೆಯ ಡಾಕ್ಟರಮ್ಮನನ್ನು ಹಿಡಿದು ತಂದ. ಅವರ ದನಿ ಗೊರಗೊರ ಸದ್ದಿನ ನಡುವೆ ಬಂತು. “ಕೆಂಪು ಗೆರೆ ಮೊಣಕೈ ಮುಟ್ಟಿದ್ಯಾ?”

“ಇನ್ನೂ ಇಲ್ಲ. ಹತ್ರ ಇದೆ.”

“ಪೆಟ್ಟಿಗೇಲಿರೋ ಮಾತ್ರೆ ಶುರು ಮಾಡಿ. ಕೆಂಪು ಎಲ್ಲಿವರೆಗಿದೆಯೋ ಅಲ್ಲಿಗೆ ಪೆನ್ನಲ್ಲಿ ಗುರುತು ಹಾಕಿ, ಮೇಲೆ ಹತ್ತುತ್ತಾ ಅಂತ ನೋಡ್ತಾ ಇರಿ. ಬೇಗ ಬಂದ್ರೆ ಕೈ ಉಳಿಸ್ಬಹುದು. ತಡ ಆದ್ರೆ ಕೈ ತೆಗೀಬೇಕಾಗುತ್ತೆ. ಇನ್ನೂ ತಡ ಆದ್ರೆ ಜೀವಾನೇ ಕಷ್ಟ. ಮುಚ್ಚಿಟ್ಟು ಹೇಳೋ ಹೊತ್ತಲ್ಲ ಇದು, ಅದಕ್ಕೆ ಹೇಳ್ತಿದೀನಿ.”

“ಯಾವುದಾದ್ರೂ ಹಡಗು ಕಳಿಸೋಕಾಗಲ್ವಾ?”

ಬಂದರಿನವನು ಹೇಳಿದ, “ನಿಮ್ಮ ಹತ್ರ ಯಾವ ಹಡಗೂ ಇಲ್ಲಮ್ಮ. ಇಲ್ಲಿಂದ ಹೊರಟರೂ ನೀವು ಎಂಜಿನ್ ಹಾಕ್ಕೊಂಡು ಬರೋದೇ ಬೇಗ. ದಡದಲ್ಲಿ ಆಂಬುಲೆನ್ಸ್ ನಿಲ್ಲಿಸಿರ್ತೀನಿ, ಬನ್ನಿ.”

ಇವರು ಮಲಗಿದ್ದಲ್ಲಿಂದಲೇ ಎಲ್ಲ ಕೇಳಿಸಿಕೊಂಡಿದ್ದರು. “ಬಲಗೈ ಇಲ್ಲದ ಮೆಕ್ಯಾನಿಕ್ ಯಾರಿಗೆ ಬೇಕು ಹೇಳು,” ಅಂದರು.

“ಬಾಯಿದೆಯಲ್ಲ, ಫಿಲ್ಟರ್ ಫಿಲ್ಟರ್ ಅಂತ ಕೂಗೋಕೆ. ಸುಮ್ನೆ ಮಲಗಿ,” ಅಂದೆ. ನಾನು ಮಾತ್ರೆ ನುಂಗಿಸಿದೆ, ಅತ್ತೆ ಕೆಂಪು ಗೆರೆಯ ತುದಿಗೆ ಪೆನ್ನಿನಲ್ಲಿ ಗುರುತು ಹಾಕಿದರು.

ಹೊರಗೆ ಎಲೆ ಅಲುಗುವಷ್ಟೂ ಗಾಳಿಯಿಲ್ಲ. ಎರಡು ದಿನ ನಮ್ಮನ್ನು ಚಿಂದಿ ಮಾಡಿದ ಸಮುದ್ರ ಈಗ ಏನೂ ಗೊತ್ತಿಲ್ಲದವರ ಹಾಗೆ ಮಲಗಿತ್ತು. ಎಂಜಿನ್ ಹಾಕಿದೆ. ಒಂದೇ ಸಲಕ್ಕೆ ಹತ್ತಿಕೊಂಡಿತು. ಅತ್ತೆ ಚುಕ್ಕಾಣಿ ಹಿಡಿದರು, ನಾನು ಇವರ ಹಣೆಗೆ ಒದ್ದೆ ಬಟ್ಟೆ ಹಾಕುತ್ತಾ ಕೂತೆ. ದೋಣಿಯ ಮೂತಿ ಬಂದರಿನ ದಿಕ್ಕಿಗಿತ್ತು. ಎಂಜಿನ್ನಿನ ಸದ್ದು ಅಷ್ಟು ಹಿತವಾಗಿ ಅದುವರೆಗೆ ಎಂದೂ ಕೇಳಿರಲಿಲ್ಲ.

ಬಹಳ ಹೊತ್ತು ಓಡಲಿಲ್ಲ. ಸದ್ದು ಮೊದಲು ಏರಿಳಿಯಿತು, ಆಮೇಲೆ ತೆಳುವಾಯಿತು, ಆಮೇಲೆ ಎರಡು ಸಲ ಬಿಕ್ಕಳಿಸಿ ನಿಂತೇ ಹೋಯಿತು. ಅದಾದ ಮೇಲಿನ ಮೌನದಲ್ಲಿ ಅತ್ತೆಯ ದನಿ ಮಾತ್ರ. “ಏನಾಯ್ತೇ?”

ನನಗೆ ಭಯವಾಗಲಿಲ್ಲ, ಇನ್ನೂ. ಇದಕ್ಕೆ ಇವರು ನನ್ನನ್ನು ತಯಾರು ಮಾಡಿದ್ದರು. ಡೀಸೆಲ್ ಎಂಜಿನ್ನಿನ ಕಾಯಿಲೆಯೆಲ್ಲ ಹೊಟ್ಟೆಯದು ಅನ್ನುವುದು ಇವರ ಪಾಠ. ಟ್ಯಾಂಕಿನ ತಳದಲ್ಲಿ ಕೂತ ಕೊಳೆ ಅಲೆ ಎದ್ದಾಗ ಕದಡುತ್ತದೆ, ಫಿಲ್ಟರ್ ಕಟ್ಟಿಕೊಳ್ಳುತ್ತದೆ, ಎಂಜಿನ್ ಉಪವಾಸ ಬೀಳುತ್ತದೆ. ಫಿಲ್ಟರ್ ಬದಲಾಯಿಸುವುದನ್ನು ನನಗೆ ಕಣ್ಣು ಕಟ್ಟಿ ಕಲಿಸಿದ್ದರು, ನಾನು ಗೊಣಗುತ್ತಲೇ ಕಲಿತಿದ್ದೆ. ಈಗ ಮೆಟ್ಟಿಲು ಸರಿಸಿ, ಬಿಸಿ ಎಂಜಿನ್ನಿನ ಪಕ್ಕಕ್ಕೆ ತೂರಿ ಡೀಸೆಲ್ ನಲ್ಲಿ ಮುಚ್ಚಿ, ಫಿಲ್ಟರಿನ ಗಾಜಿನ ಬಟ್ಟಲು ತಿರುಗಿಸಿ ತೆಗೆದೆ. ತಳದಲ್ಲಿ ಚೂರು ಕಪ್ಪು ಕಸ ಇತ್ತು. ಸಿಕ್ಕಿಬಿದ್ದ ಕಳ್ಳ, ಅಂದುಕೊಂಡೆ. ಹೊಸದು ಹಾಕಿ ನಲ್ಲಿ ತೆರೆದೆ. ಒಳಗೆ ಸೇರಿಕೊಂಡ ಗಾಳಿ ತೆಗೆಯಬೇಕು, ಇಲ್ಲವಾದರೆ ಎಂಜಿನ್ ಹತ್ತುವುದಿಲ್ಲ. ಚಿಕ್ಕ ಸ್ಕ್ರೂ ಸಡಿಲಿಸಿ, ಹೆಬ್ಬೆರಳಿನಿಂದ ಪಂಪು ಒತ್ತೊತ್ತಿ, ಗುಳ್ಳೆ ಹೋಗಿ ಬರೀ ಡೀಸೆಲ್ ಬರುವವರೆಗೆ ಕಾದು ಬಿಗಿದೆ. ಕೀಲಿ ತಿರುಗಿಸಿದೆ. ಹತ್ತಿತು.

“ನನ್ನ ಸೊಸೆ ಅಂದ್ರೆ ಏನಂದ್ಕೊಂಡಿದೀರಿ!” ಅಂತ ಅತ್ತೆ ಮೇಲಿನಿಂದ ಸಮುದ್ರಕ್ಕೇ ಕೇಳುವಂತೆ ಕೂಗಿದರು. ನಾನು ಡೀಸೆಲ್ ಕೈಯಲ್ಲೇ ಮುಖ ಒರೆಸಿಕೊಂಡು ನಕ್ಕೆ.

ಮತ್ತೆ ನಿಂತಿತು. ಅದೇ ಏರಿಳಿತ, ಅದೇ ಬಿಕ್ಕಳಿಕೆ.

 ಮತ್ತೆ ಬಟ್ಟಲು ಬಿಚ್ಚಿದೆ. ಡೀಸೆಲ್ ತಿಳಿಯಾಗಿತ್ತು, ಒಂದು ಕಸವಿಲ್ಲ. ಹಾಗಿದ್ದರೆ ನಾನು ಸರಿಯಾಗಿ ಕೂರಿಸಿರಲಿಕ್ಕಿಲ್ಲ ಅಂತ ನನ್ನನ್ನೇ ಬೈದುಕೊಂಡು, ಉಳಿದಿದ್ದ ಕೊನೆಯ ಫಿಲ್ಟರನ್ನೂ ಹಾಕಿದೆ. ಇವರನ್ನು ಕೇಳೋಣ ಅಂತ ಹೋದರೆ ಇವರಿಗೆ ಪ್ರಜ್ಞೆ ಅರ್ಧಕ್ಕರ್ಧ ಇರಲಿಲ್ಲ. ಭುಜ ಅಲುಗಿಸಿದೆ.

“ರೀ, ಎಂಜಿನ್ ನಿಲ್ತಾ ಇದೆ. ಫಿಲ್ಟರ್ ಸ್ವಚ್ಛ ಇದೆ. ಏನ್ ಮಾಡ್ಲಿ? ಹೇಳ್ರೀ!”

ಕಣ್ಣು ಅರೆ ತೆರೆದರು. ತುಟಿ ಒಣಗಿತ್ತು. “ಫಿಲ್ಟರ್,” ಅಂದರು. “ಫಿಲ್ಟರ್ ನೋಡು.”

ನನಗೆ ಆ ಕ್ಷಣ ಆ ಮನುಷ್ಯನ ಬಾಯಿಗೆ ಬಟ್ಟೆ ತುರುಕಬೇಕು ಅನ್ನಿಸಿತು. ಆದರೂ ಅವರು ಹೇಳಿದ್ದೇ ವೇದವಾಕ್ಯ ಅಂತ ಮತ್ತೆ ಅದೇ ಫಿಲ್ಟರಿನ ಹಿಂದೆ ಬಿದ್ದೆ. ಇದ್ದದ್ದನ್ನೇ ಡೀಸೆಲ್ಲಿನಲ್ಲಿ ಅದ್ದಿ ತೊಳೆದು ಹಾಕಿದೆ. ಪೈಪಿನ ಕ್ಲಾಂಪುಗಳನ್ನೆಲ್ಲ ಒಂದೊಂದಾಗಿ ಬಿಗಿದೆ, ಎಲ್ಲೋ ಗಾಳಿ ಎಳೆಯುತ್ತಿದೆಯೇನೋ ಅಂತ. ಪ್ರತಿ ಸಲವೂ ಎಂಜಿನ್ ಹತ್ತುತ್ತಿತ್ತು, ಆಸೆ ಹುಟ್ಟಿಸುವಷ್ಟು ದೂರ ಓಡುತ್ತಿತ್ತು, ಆಮೇಲೆ ಸಾಯುತ್ತಿತ್ತು. ಹತ್ತಲೇ ಇಲ್ಲದಿದ್ದರೆ ಎಷ್ಟೋ ವಾಸಿ, ಕೈಚೆಲ್ಲಿ ಕೂರಬಹುದಿತ್ತು. ಇದು ಸತಾಯಿಸುತ್ತಿತ್ತು. ಕೀಲಿ ತಿರುಗಿಸಿದಾಗ ಎಂಜಿನ್ ಎಬ್ಬಿಸುವ ಮೋಟಾರಿನ ಸದ್ದೂ ಮೊದಲಿನ ಹಾಗೆ ಇರಲಿಲ್ಲ, ಬ್ಯಾಟರಿ ಇಳಿಯುತ್ತಿತ್ತು. ಇನ್ನು ಕೆಲವೇ ಸಲ, ಆಮೇಲೆ ಅದೂ ಇಲ್ಲ. ರೇಡಿಯೋದಲ್ಲಿ ಮತ್ತೆ ಕರೆದೆ, ಗೊರಗೊರ ಸದ್ದಷ್ಟೇ ಬಂತು.

ಮೇಲೆ ಹೋಗಿ ಹರಿಯದೆ ಉಳಿದಿದ್ದ ಹಾಯಿ ಎತ್ತಿದೆ. ಒಗೆದು ಒಣಹಾಕಿದ ಹೊದಿಕೆಯ ಹಾಗೆ ಜೋತುಬಿತ್ತು. ಒಂದು ಉಸಿರು ಗಾಳಿಗೆ ಅಂಗಲಾಚಿದೆ. ಬಿಸಿಲು ಮಾತ್ರ ನೆತ್ತಿ ಸುಡುತ್ತಿತ್ತು.

“ಗೆರೆ ಗುರುತು ದಾಟ್ತು,” ಅಂತ ಅತ್ತೆ ಕೆಳಗಿನಿಂದ ಹೇಳಿದರು. ಮೆಲ್ಲಗೆ ಹೇಳಿದರು, ಯಾರನ್ನೋ ಎಬ್ಬಿಸಬಾರದು ಅನ್ನುವವರ ಹಾಗೆ. ಹೋಗಿ ನೋಡಿದೆ. ಅವರು ಪೆನ್ನಿನಲ್ಲಿ ಹಾಕಿದ್ದ ಗೆರೆಗಳು ಮಣಿಕಟ್ಟಿನಿಂದ ತೋಳಿನವರೆಗೆ ಬಳೆಗಳ ಹಾಗೆ ಒಂದರ ಮೇಲೊಂದು ಏರಿದ್ದವು. ಕೆಂಪು ಎಲ್ಲವನ್ನೂ ದಾಟಿಕೊಂಡು ಕಂಕುಳಿಗೆ ಹೊರಟಿತ್ತು.

“ಇನ್ನೊಂದ್ಸಲ ನೋಡೇ. ಏನೋ ಇರುತ್ತೆ, ನಿಂಗೆ ಕಂಡಿಲ್ಲ ಅಷ್ಟೆ,” ಅಂದರು ಅತ್ತೆ.

“ನೋಡಿದೆ! ಎಲ್ಲಾ ನೋಡಿದೆ! ನೀವೇ ಬಂದು ನೋಡಿ ಹಾಗಾದ್ರೆ!” ಅಂತ ಕಿರುಚಿದೆ. ಅವರು ಜಗಳಕ್ಕೆ ಬರಲಿಲ್ಲ. ಅದೇ ನನ್ನನ್ನು ಹೆದರಿಸಿತು. ಎಂಜಿನ್ ಪೆಟ್ಟಿಗೆಯ ಮುಂದೆ, ಡೀಸೆಲ್ ಚೆಲ್ಲಿದ ನೆಲದ ಮೇಲೆ ಕೂತು ಸ್ಪ್ಯಾನರ್ ಕೈಯಲ್ಲೇ ಹಿಡಿದು ಅತ್ತುಬಿಟ್ಟೆ. ಇವರು ಸತ್ತೇಹೋಗುತ್ತಾರೆ, ನಾನು ಅದನ್ನು ನೋಡುತ್ತಾ ಇಲ್ಲಿ ಕೂತಿರುತ್ತೇನೆ, ಅದಕ್ಕಿಂತ ಬೇರೆ ಏನೂ ನನಗೆ ತೋಚಲಿಲ್ಲ.

ಅತ್ತು ಮುಗಿದ ಮೇಲೆ ಉಳಿದದ್ದು ಒಂದೇ ಯೋಚನೆ. ಫಿಲ್ಟರಿನಲ್ಲಿ ಕೊಳೆಯಿಲ್ಲ ಅಂದರೆ, ಇವರು ಹೊರಡುವ ಮುಂಚೆ ತೊಳೆದಿದ್ದರೂ, ಟ್ಯಾಂಕಿನ ಬಾಯಲ್ಲೇ ಕೊಳೆ ಗಟ್ಟಿಯಾಗಿ ಕೂತು ಡೀಸೆಲ್ ಬರದಂತೆ ತಡೆಯುತ್ತಿರಬೇಕು. ಟ್ಯಾಂಕಿನ ಮುಚ್ಚಳ ತೆಗೆದು ಕ್ಯಾನಿಗೆ ಡೀಸೆಲ್ ತುಂಬಿಕೊಂಡು, ಅದರಿಂದಲೇ ಎಂಜಿನ್ನಿಗೆ ಪೈಪು ಹಾಕಿದರಾಯಿತು. ಆದರೆ ಟ್ಯಾಂಕಿನ ದೊಡ್ಡ ಮುಚ್ಚಳ ಇರುವುದು ಇವರು ಮಲಗಿದ್ದ ಹಲಗೆಯ ಕೆಳಗೆ.

“ಅತ್ತೆ, ಇವರನ್ನ ಇಲ್ಲಿಂದ ಸರಿಸ್ಬೇಕು.”

ಯಾಕೆ ಏನು ಅಂತ ಅವರು ಕೇಳಲಿಲ್ಲ. ಮಗನ ಕಂಕುಳಿಗೆ ಕೈ ಹಾಕಿದರು, ನಾನು ಕಾಲು ಹಿಡಿದೆ. ಎತ್ತಿ ನೆಲಕ್ಕೆ ಇಳಿಸುವಾಗ ಆ ಕೈ ಹಲಗೆಗೆ ತಾಗಿತು. ಇವರು ಕೂಗಿದ ಕೂಗು ಮನುಷ್ಯರದಾಗಿರಲಿಲ್ಲ. ಅತ್ತೆ ಆ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, “ಆಯ್ತು ಕಂದ, ಆಯ್ತು, ಮುಗೀತು,” ಅನ್ನುತ್ತಿದ್ದರು. ನಾನು ಹಲಗೆ ಕಿತ್ತು ಮುಚ್ಚಳಕ್ಕೆ ಸ್ಪ್ಯಾನರ್ ಹಾಕಿದೆ.

ಮುಚ್ಚಳ ಸಡಿಲವಾದದ್ದೇ ತಡ, ಸುಂಯ್ ಅಂತ ಗಾಳಿ ಒಳಕ್ಕೆ ನುಗ್ಗಿತು. ನನ್ನ ಮುಖದ ಮುಂದಿನ ಕೂದಲು ಮುಚ್ಚಳದ ಕಡೆಗೆ ಹಾರಿತು. ಆಮೇಲೆ ಟ್ಯಾಂಕಿನ ಗೋಡೆ ಡೊಂಯ್ ಅಂತ ಹೊರಕ್ಕೆ ಉಬ್ಬಿತು. ಏನೋ ಒಡೆದೆ ಅಂತ ಗಾಬರಿಯಾಗಿ ಹಿಂದೆ ಸರಿದೆ. ಟಾರ್ಚ್ ಬಿಟ್ಟು ಒಳಗೆ ನೋಡಿದರೆ ಡೀಸೆಲ್ ತಿಳಿಯಾಗಿ ಹೊಳೆಯುತ್ತಿತ್ತು, ತಳ ತಿಕ್ಕಿ ತೊಳೆದ ಪಾತ್ರೆಯ ಹಾಗಿತ್ತು. ಕೊಳೆ ಅನ್ನುವುದೇ ಇರಲಿಲ್ಲ.

ಆಗ ನನಗೆ ಹೊಳೆಯಿತು. ಎಣ್ಣೆ ಡಬ್ಬಿಗೆ ಒಂದೇ ತೂತು ಕೊರೆದರೆ ಎಣ್ಣೆ ಗಳಗಳ ಅಂತ ಚೂರು ಬಂದು ನಿಂತುಬಿಡುತ್ತದೆ. ಆಚೆ ಕಡೆ ಗಾಳಿಗೆ ಇನ್ನೊಂದು ತೂತು ಬೇಕು. ಅಡುಗೆಮನೆಯಲ್ಲಿ ಕೈಯಾಡಿಸುವ ಯಾರಿಗಾದರೂ ಗೊತ್ತಿರುವ ವಿಷಯ. ಟ್ಯಾಂಕಿಗೂ ಗಾಳಿ ಎಳೆದುಕೊಳ್ಳಲು ಒಂದು ಸಣ್ಣ ಕೊಳವೆ ಇದೆ. ಅದು ಕಟ್ಟಿಕೊಂಡಿತ್ತು. ಎಂಜಿನ್ ಡೀಸೆಲ್ ಎಳೆದಷ್ಟೂ ಟ್ಯಾಂಕಿನೊಳಗೆ ಉಸಿರುಗಟ್ಟಿ, ಕೊನೆಗೆ ಒಂದು ಹನಿಯೂ ಹೊರಗೆ ಬರುತ್ತಿರಲಿಲ್ಲ. ನಾನು ಫಿಲ್ಟರ್ ಬಿಚ್ಚಿದಾಗಲೆಲ್ಲ ಅಲ್ಲಿಂದ ಚೂರು ಗಾಳಿ ನುಸುಳಿ, ಮತ್ತೆ ಸ್ವಲ್ಪ ಓಡುತ್ತಿತ್ತು. ಎಂಜಿನ್ನಿಗೆ ಏನೂ ಆಗಿರಲಿಲ್ಲ. ಬೆಳಗಿನಿಂದ ಏನೂ ಆಗಿರಲಿಲ್ಲ.

ಮುಚ್ಚಳ ಸಡಿಲವಾಗಿಯೇ ಬಿಟ್ಟು ಪೈಪಿನ ಗಾಳಿ ತೆಗೆದೆ, ಕೀಲಿ ತಿರುಗಿಸಿದೆ. ಮೋಟಾರು ನರಳಿತು, ನಿಂತಿತು, ಮತ್ತೆ ನರಳಿತು, ಎಂಜಿನ್ ಹತ್ತಿತು. ಕಿವಿಗೊಟ್ಟು ಕೂತೆ. ಸದ್ದು ಏರಲಿಲ್ಲ, ಇಳಿಯಲಿಲ್ಲ. ಇಷ್ಟು ಹೊತ್ತಿಗೆ ನಿಲ್ಲಬೇಕಿತ್ತು ಅಂದುಕೊಂಡ ಹೊತ್ತೂ ದಾಟಿತು. ಅತ್ತೆ ಚುಕ್ಕಾಣಿಗೆ ಹೋದರು.

ಆ ಕೊಳವೆಯ ಬಾಯಿ ಹೊರಗೆ, ಚುಕ್ಕಾಣಿ ಹಿಡಿದವರು ಕೂರುವ ಬೆಂಚಿನ ಕೆಳಗೆ, ಹಗ್ಗದ ಸುರುಳಿಯ ಹಿಂದೆ ಇದೆ. ಉಪ್ಪು ಕಟ್ಟಿಕೊಂಡಿರಬೇಕು ಅಂತ ಒಂದು ತಂತಿ ಹಿಡಿದು ಹೋದೆ. ಅತ್ತೆಯ ಕಾಲಿನ ಪಕ್ಕ ಮಂಡಿಯೂರಿ ಹಗ್ಗ ಸರಿಸಿದೆ. ಕೊಳವೆಯ ಬಾಯಿಗೆ ಬಟ್ಟೆ ತುರುಕಿತ್ತು. ಅಂಚು ಒಳಗೆ ಬರುವಂತೆ ಅಂದವಾಗಿ ಮಡಚಿ, ಬಿಗಿಯಾಗಿ ಒತ್ತಿದ್ದ ಬಟ್ಟೆ. ಹಳೆಯ ದಿಂಬಿನ ಚೀಲದ ತುಂಡು. ಆ ದಿಂಬು ಯಾರದು ಅಂತ ನನಗೆ ಗೊತ್ತಿತ್ತು, ಹಾಗೆ ಮಡಚುವವರು ಈ ದೋಣಿಯಲ್ಲಿ ಒಬ್ಬರೇ.

ಬಾಯ ತುಂಬ ಮಾತು ಬಂದು ನಿಂತಿತು. ನಿಮ್ಮ ಮಗನನ್ನ ಕೊಲ್ತಿರೋದು ನೀವೇ ಅನ್ನುವ ಮಾತು. ತಲೆ ಎತ್ತಿ ನೋಡಿದೆ. ಅವರು ದಿಗಂತದಿಂದ ಕಣ್ಣು ಕೀಳದೆ, ಎರಡೂ ಕೈಯಲ್ಲಿ ಚುಕ್ಕಾಣಿಯನ್ನು ಬೆರಳು ಬಿಳಿಚುವಂತೆ ಹಿಡಿದಿದ್ದರು.

“ಇನ್ನು ನಿಲ್ಲಲ್ಲ ತಾನೇ?” ಅಂದರು, ನನ್ನನ್ನು ನೋಡದೆ.

“ಇನ್ನು ನಿಲ್ಲಲ್ಲ.”

ಬಟ್ಟೆ ಕಿತ್ತು ಸಮುದ್ರಕ್ಕೆ ಎಸೆದೆ. ಕರುಣೆಯಿಂದಲ್ಲ. ಈಗ ಬಾಯಿ ಬಿಟ್ಟರೆ ಅತ್ತೆ ಇಲ್ಲೇ ಕುಸಿದು ಬೀಳುತ್ತಾರೆ, ಆಮೇಲೆ ದೋಣಿ ನಡೆಸುವವರು ಯಾರು? ಹೇಳುತ್ತೇನೆ, ದಡ ಸೇರಿದ ಮೇಲೆ ಎಲ್ಲ ಬಡ್ಡಿ ಸಮೇತ ಹೇಳುತ್ತೇನೆ ಅಂತ ಹಲ್ಲು ಕಚ್ಚಿದೆ. ರಾತ್ರಿಯಿಡೀ ಓಡಿ ಮಾರನೆಯ ಬೆಳಿಗ್ಗೆ ದಡ ಸೇರುವವರೆಗೂ ಎಂಜಿನ್ ಒಂದು ಸಲವೂ ತಪ್ಪಲಿಲ್ಲ. ಅದು ಚೆನ್ನಾಗಿ ಓಡಿದಷ್ಟೂ ನನ್ನ ಹೊಟ್ಟೆ ಉರಿಯುತ್ತಿತ್ತು.

ಆಂಬುಲೆನ್ಸ್ ಇತ್ತು. ಸ್ಟ್ರೆಚರ್ ಇತ್ತು. ರೇಡಿಯೋದಲ್ಲಿ ಮಾತಾಡಿದ ಡಾಕ್ಟರಮ್ಮನೇ ಬಾಗಿಲಲ್ಲಿ ನಿಂತಿದ್ದರು. ಇವರ ತೋಳು ನೋಡಿದ ಮೇಲೆ ಅವರು ನಮ್ಮ ಕಡೆ ನೋಡಿದ ನೋಟದಲ್ಲೇ ನನಗೆ ಗೊತ್ತಾಯಿತು. ಆಪರೇಷನ್ ಮುಗಿಸಿ ಹೊರಗೆ ಬಂದು ಟೋಪಿ ತೆಗೆದರು.

“ಜೀವಕ್ಕೇನೂ ಭಯ ಇಲ್ಲ. ಕೈ ಉಳಿಸೋಕಾಗ್ಲಿಲ್ಲ. ನಿನ್ನೆ ಸಂಜೆ ಬಂದಿದ್ರೆ...” ಅಂದವರು ಅಲ್ಲಿಗೇ ನಿಲ್ಲಿಸಿದರು.

ಅತ್ತೆ ಬೆಂಚಿನ ಮೇಲೆ ಕೂತರು. “ಆ ಹಾಳು ಎಂಜಿನ್ ನಿಲ್ಲದಿದ್ರೆ ನಿನ್ನೆ ಸಂಜೇನೇ ಬರ್ತಿದ್ವಲ್ಲೇ,” ಅಂದರು. ಆಮೇಲೆ ಅದನ್ನೇ ಮತ್ತೆ ಹೇಳಿದರು. ಈಗ ಹೇಳಿಬಿಡಲಾ ಅಂತ ನನ್ನ ನಾಲಿಗೆ ತುರಿಸಿತು. ಬೇಡ, ಮೊದಲು ಇವರಿಗೆ ಗೊತ್ತಾಗಲಿ, ಹೋದದ್ದು ಇವರ ಕೈ, ತೀರ್ಪೂ ಇವರದೇ ಅಂದುಕೊಂಡೆ.

ಇವರಿಗೆ ಸರಿಯಾಗಿ ಎಚ್ಚರವಾದದ್ದು ಮಾರನೆಯ ಮಧ್ಯಾಹ್ನ. ಬಲಗಡೆ ಮೊಣಕೈ ಮೇಲೆ ದಪ್ಪ ಬ್ಯಾಂಡೇಜು, ಅದರಾಚೆ ಬರೀ ಹೊದಿಕೆ. ಬಹಳ ಹೊತ್ತು ಅತ್ತಲೇ ನೋಡಿದರು. ಅತ್ತೆ ಚಮಚದಲ್ಲಿ ನೀರು ಕುಡಿಸಿದರು, ತುಟಿ ಒರೆಸಿದರು, ಒರೆಸಿದ ಬಟ್ಟೆಯನ್ನು ಮಡಚಿ ಮೇಜಿನ ಮೇಲಿಟ್ಟರು. ನಾನು ಒಳಗೆ ಮಡಚಿದ ಆ ಅಂಚನ್ನೇ ನೋಡುತ್ತಾ ನಿಂತಿದ್ದೆ.

“ಎಂಜಿನ್ ಯಾಕೆ ನಿಂತಿತ್ತು?” ಇವರ ಮೊದಲ ಮಾತು ಅದು. ನನಗೆ ನಗು ಬರಬೇಕಿತ್ತು.

“ಮೊದಲ್ನೇ ಸಲ ಫಿಲ್ಟರಲ್ಲಿ ಚೂರು ಕಸ ಇತ್ತು, ಬದಲಾಯಿಸ್ದೆ,” ಅಂತ ಶುರು ಮಾಡಿದೆ.

“ಎರಡನೇ ಸಲ?”

“ತಿಳಿಯಾಗಿತ್ತು.”

“ಬಿಚ್ಚಿ ಹಾಕಿದ್ರೆ ಮತ್ತೆ ಹತ್ತೋದು, ಸ್ವಲ್ಪ ದೂರ ಓಡೋದು?”

“ಹೂಂ.”

ಇವರಿಗೆ ಮತ್ತೆ ಮೆಕ್ಯಾನಿಕ್ಕಿನ ಕಣ್ಣು ಬಂತು. “ಟ್ಯಾಂಕ್ ಮುಚ್ಚಳ ತೆಗ್ದಾಗ?”

“ಸುಂಯ್ ಅಂತು.”

ಅಷ್ಟೇ ಸಾಕಾಯಿತು. ಇವರು ಕಣ್ಣು ಮುಚ್ಚಿಕೊಂಡರು. “ಗಾಳಿ ಕೊಳವೆ,” ಅಂದರು. “ಅದರ ಬಾಯಲ್ಲಿ ಏನಿತ್ತು?”

ನಾನು ಉಸಿರು ಎಳೆದುಕೊಂಡೆ. ಅತ್ತೆ ನನಗಿಂತ ಮುಂಚೆ ಮಾತಾಡಿದರು.

“ಯಾವ್ದೋ ಅದು, ಬೆಂಚಿನ ಕೆಳಗಿರೋ ಆ ಸಣ್ಣ ಪೈಪಾ? ಅದಕ್ಕೆ ನಾನೇ ಬಟ್ಟೆ ತುರುಕಿದ್ದೆ ಕಣೋ. ಆ ಬಿರುಗಾಳೀಲಿ ಒಂದೊಂದು ಅಲೆ ಬಂದಾಗ್ಲೂ ಗುಟುಕ್ ಗುಟುಕ್ ಅಂತ ನೀರು ಕುಡೀತಿತ್ತು ಅದು. ನಾನು ದೋಣಿ ಹತ್ತಿದ ದಿನಾನೇ ನೀನು ಹೇಳಿಕೊಟ್ಟಿದ್ಯಲ್ಲ, ನೀರು ಬರೋ ತೂತು ಕಂಡ್ರೆ ಮೊದಲು ಮುಚ್ಚಮ್ಮ, ಆಮೇಲೆ ಕೇಳು ಅಂತ. ಮುಚ್ಚಿದೆ. ಆಮೇಲೆ ನೀನು ಹೀಗೆ ಮಲಗಿಬಿಟ್ಟೆ, ಕೇಳೋದು ಮರ್ತೇಹೋಯ್ತು.” ಒಂದು ಕ್ಷಣ ನಿಂತು ಇಬ್ಬರನ್ನೂ ನೋಡಿದರು. “ಯಾಕೋ? ಮುಚ್ಚಬಾರ್ದಿತ್ತಾ?”

 ಇವರು ಕಣ್ಣು ತೆರೆದು ನನ್ನನ್ನು ನೋಡಿದರು. ನನಗೆ ಎಷ್ಟು ಗೊತ್ತು ಅನ್ನುವುದು ಇವರಿಗೆ ಗೊತ್ತಾಯಿತು. ಆ ಕಣ್ಣು ನನ್ನನ್ನು ಬೇಡುತ್ತಿತ್ತು. ಮದುವೆಯಾದ ಇಷ್ಟು ವರ್ಷದಲ್ಲಿ ಇವರು ನನ್ನ ಹತ್ತಿರ ಏನನ್ನೂ ಹಾಗೆ ಬೇಡಿರಲಿಲ್ಲ.

“ಮುಚ್ಚಿದ್ದು ಒಳ್ಳೇದೇ ಆಯ್ತಮ್ಮ,” ಅಂದರು ತಾಯಿಗೆ. “ಇಲ್ದಿದ್ರೆ ಟ್ಯಾಂಕಿಗೆ ಉಪ್ಪುನೀರು ಸೇರಿ ಎಂಜಿನ್ ಪೂರ್ತಿ ಕೆಟ್ಟುಹೋಗ್ತಿತ್ತು. ನಾವು ಮೂರು ಜನಾನೂ ಅಲ್ಲೇ ಇರ್ತಿದ್ವಿ.”

“ಮತ್ತೆ ನಿಂತಿದ್ದು ಯಾಕೆ?”

“ಟ್ಯಾಂಕಲ್ಲಿ ಕೊಳೆ. ಹೊರಡೋ ಮುಂಚೆ ತೊಳೀಬೇಕಿತ್ತು. ಇವತ್ತು ನಾಳೆ ಅಂತ ಬಿಟ್ಟುಬಿಟ್ಟೆ. ನನ್ನ ತಪ್ಪು.”

ಹೊರಡುವ ಮುಂಚೆ, ಅತ್ತೆ ಸಾಮಾನು ತರಲು ಹೋಗಿದ್ದಾಗ, ಆ ಟ್ಯಾಂಕಿನೊಳಗೆ ಅದೇ ಬಲಗೈಯನ್ನು ಭುಜದವರೆಗೆ ಇಳಿಸಿ ತಳ ತಿಕ್ಕಿದ ಮನುಷ್ಯ. ನಾನು ಪಕ್ಕದಲ್ಲೇ ಟಾರ್ಚ್ ಹಿಡಿದು ನಿಂತಿದ್ದೆ.

ಅತ್ತೆಯ ಮುಖ ಕೆಂಪಾಯಿತು. “ಎಷ್ಟು ಸಲ ಹೇಳಿದ್ದೆ ನಾನು! ಕೊಳೆ ಇಟ್ಕೊಂಡು ಕೂರ್ಬೇಡ ಅಂತ ಎಷ್ಟು ಸಲ! ಊರವರ ಎಂಜಿನ್ನೆಲ್ಲ ತೊಳೀತೀಯ, ನಿಂದು ತೊಳೆಯೋಕೆ ಆಗ್ಲಿಲ್ವಾ? ನಿನ್ನ ಸೋಮಾರಿತನಕ್ಕೆ ಕೈ ಕಳ್ಕೊಂಡ್ಯಲ್ಲೋ! ಕೈ ಕಳ್ಕೊಂಡ್ಯಲ್ಲೋ!” ಅವರು ಇವರ ಎಡಭುಜಕ್ಕೆ ಬಡಿದರು, ಮೆಲ್ಲಗೆ, ಮತ್ತೆ ಮತ್ತೆ. ಬಡಿಯುತ್ತಲೇ ಅತ್ತರು. ಬಿರುಗಾಳಿಯಿಂದ ಇಲ್ಲಿಯವರೆಗೆ ಅವರು ಅತ್ತದ್ದು ಅದೇ ಮೊದಲು.

“ಹೌದಮ್ಮ,” ಅಂದರು ಇವರು. “ಹೌದು. ತಪ್ಪಾಯ್ತು.”

ಅತ್ತೆ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದರು. “ಸುಮ್ನೆ ನಿಂತಿದೀಯಲ್ಲೇ, ನೀನಾದ್ರೂ ಬುದ್ಧಿ ಹೇಳೇ ಇವನಿಗೆ!”

ಸಮುದ್ರದ ನಡುವಿನಿಂದ ಹೊತ್ತು ತಂದಿದ್ದ ಮಾತನ್ನು ನುಂಗಿಕೊಂಡೆ.  ಆಮೇಲೆ ಮಂಚದ ಹತ್ತಿರ ಹೋಗಿ ಸೊಂಟಕ್ಕೆ ಕೈಯಿಟ್ಟು ನಿಂತೆ.

“ನಿಮಗೆ ಎಷ್ಟು ಹೇಳಿದ್ರೂ ಅಷ್ಟೇ ಕಣ್ರೀ,” ಅಂದೆ. “ಒಂದು ಟ್ಯಾಂಕ್ ತೊಳೆಯೋಕೆ ಏನ್ ರೋಗ ನಿಮಗೆ?”

ಇವರು ತಲೆಯಾಡಿಸಿದರು. ಅತ್ತೆ ಪಕ್ಕದಲ್ಲಿ ನಿಂತು ಹೂಂಗುಟ್ಟುತ್ತಿದ್ದರು. ನಾನು ಅವರಿಗೆ ಸಮಾಧಾನವಾಗುವವರೆಗೂ ನನ್ನ ಗಂಡನನ್ನು ಬೈದೆ.